ಚಿಮಣಿಯೊಳಗಿನ ಪುಟ್ಟ ಮಿಂಚು

ಗುಡೂರಿನಿಂದ ಹೊರಟು ಆಲಮಟ್ಟಿ ಅಣೆಕಟ್ಟೆ ದಾಟಿ ವಿಜಯಪುರದ ಕಡೆಗೆ ಸಾಗಿದರೆ, ಮುಗಿಲಿಗೆ ಮುಖ ಮಾಡಿದ ಚಿಮಣಿ ದೂರದಿಂದಲೇ ಕಾಣುತ್ತದೆ. ಅದು ಕೂಡಗಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ. ತಲಾ 800 ಮೆಗಾವಾಟ್‌ನ ಮೂರು ಘಟಕಗಳು ಅಲ್ಲಿವೆ. ಬಸ್ಸಿನ ಕಿಟಕಿಯಲ್ಲಿ ಕುಳಿತ ಮೊಮ್ಮಗಳು ಕೇಳಿಯೇ ಕೇಳುತ್ತಾಳೆ: “ಅಜ್ಜಾ, ಅಷ್ಟೊಂದು ಕಲ್ಲಿದ್ದಲು ಸುಡ್ತಾರಂತ. ಮತ್ತ ಕರಿ ಹೊಗಿ ಯಾಕ ಕಾಣವಲ್ದು?”

ಒಳ್ಳೆಯ ಪ್ರಶ್ನೆ. ಕಟ್ಟಿಗೆ ಒಲೆ ಉರಿಯುತ್ತಿದ್ದ ಅಡುಗೆಮನೆಯಲ್ಲಿ ಗೋಡೆ, ಜಂತಿ, ಬೆಳಕಿಂಡಿ ಎಲ್ಲವೂ ಕಪ್ಪಾಗಿದ್ದುದನ್ನು ಅಜ್ಜ ಅಜ್ಜಿಯರು ಕಂಡಿದ್ದಾರೆ. ಒಂದು ಒಲೆಯ ಕಥೆಯೇ ಹಾಗಾದರೆ, ದಿನವೂ ಸಾವಿರಾರು ಟನ್ ಕಲ್ಲಿದ್ದಲು ಸುಡುವ ಕಡೆ ಏನಾಗಬೇಡ? ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೂ ಹೆಚ್ಚು. 100 ಕಿಲೋ ಸುಟ್ಟರೆ 30ರಿಂದ 40 ಕಿಲೋ ಬೂದಿಯೇ ಉಳಿಯುತ್ತದೆ. ಅದರಲ್ಲಿ ಬಹುಪಾಲು ಹಿಟ್ಟಿನಂತೆ ನುಣುಪಾಗಿ ಹೊಗೆಯ ಜೊತೆ ಹಾರುತ್ತದೆ. ಆ ಬೂದಿ ಹೊಲಕ್ಕೆ, ನೀರಿಗೆ, ಉಸಿರಿಗೆ ಬಿದ್ದರೆ ಗತಿಯೇನು? ಸ್ಥಾವರ ಕಟ್ಟುವಾಗ, 2014ರಲ್ಲಿ, ಸುತ್ತಲಿನ ರೈತರು ಬೀದಿಗಿಳಿದು ಹೋರಾಡಿದ್ದು ಇಂಥ ಆತಂಕದಿಂದಲೇ.

ಹಾರುವ ಬೂದಿಯನ್ನು ಹಿಡಿಯುವ ಉಪಾಯ ತಿಳಿಯಬೇಕೇ? ಒಣ ಕೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಹತ್ತಾರು ಸಲ ಬಾಚಿ, ಕಾಗದದ ಚೂರುಗಳ ಹತ್ತಿರ ಹಿಡಿಯಿರಿ. ಚೂರುಗಳು ಟಣ್ಣನೆ ಹಾರಿ ಅಂಟಿಕೊಳ್ಳುತ್ತವೆ. ಚಳಿಗಾಲದಲ್ಲಿ ಈ ಆಟ ಇನ್ನೂ ಚೆನ್ನಾಗಿ ನಡೆಯುತ್ತದೆ. ಬಾಚಣಿಗೆಗೆ ಬಂದ ವಿದ್ಯುದಂಶವೇ ಕಾಗದವನ್ನು ಸೆಳೆಯಿತು. (ಆಟ ಬಾಚಣಿಗೆಗೇ ಇರಲಿ, ಮನೆಯ ಪ್ಲಗ್ಗಿನ ಹತ್ತಿರ ಬೇಡ!)

ಕಾರ್ಖಾನೆಯಲ್ಲಿ ಇದೇ ಆಟವನ್ನು ದೊಡ್ಡದಾಗಿ ಆಡುತ್ತಾರೆ. ಹೊಗೆ ಚಿಮಣಿಗೆ ಹೋಗುವ ಮುನ್ನ ಮನೆಗಿಂತ ದೊಡ್ಡದಾದ ಉಕ್ಕಿನ ಪೆಟ್ಟಿಗೆಯೊಳಗೆ ಹಾಯುತ್ತದೆ. ಒಳಗೆ ಸಾಲು ಸಾಲು ಉಕ್ಕಿನ ಹಲಗೆಗಳು, ನಡುವೆ ತಂತಿಗಳು. ನಮ್ಮ ಮನೆಗೆ ಬರುವುದು 230 ವೋಲ್ಟ್. ಆ ತಂತಿಗಳಿಗೆ ಕೊಡುವುದು ಹತ್ತಾರು ಸಾವಿರ ವೋಲ್ಟ್. ಆಗ ತಂತಿಯ ಸುತ್ತಲಿನ ಅನಿಲ ಒಡೆದು, ಮಸುಕಾದ ನೇರಳೆ ಬೆಳಕು ಮೂಡುತ್ತದೆ. ಇದನ್ನು ಕರೋನಾ ವಿಸರ್ಜನೆ ಎನ್ನುತ್ತಾರೆ, ಅಂದರೆ ಸಿಡಿಯದ ಪುಟ್ಟ ಮಿಂಚು. ಅಲ್ಲಿಂದ ಹೊರಟ ವಿದ್ಯುದಂಶ ಬೂದಿಯ ಕಣಗಳನ್ನು ಸೇರುತ್ತದೆ. ಕಣಗಳು ಹಲಗೆಯತ್ತ ಸರಿದು ಅಂಟುತ್ತವೆ. ಆಗಾಗ ಸುತ್ತಿಗೆಗಳು ಹಲಗೆಗೆ ಬಡಿದಾಗ ಬೂದಿ ಕೆಳಗಿನ ತೊಟ್ಟಿಗೆ ಉದುರುತ್ತದೆ. ಯಂತ್ರ ಸರಿಯಾಗಿದ್ದರೆ 100ರಲ್ಲಿ 99 ಪಾಲಿಗೂ ಹೆಚ್ಚು ಬೂದಿ ಹೀಗೆ ಸಿಕ್ಕಿಬೀಳುತ್ತದೆ. ಸಿಮೆಂಟಿಗೂ ಬೂದುಬಣ್ಣದ ಇಟ್ಟಿಗೆಗೂ ಅದು ಬಳಕೆಯಾಗುತ್ತದೆ.

ಇದನ್ನು ಕಾರ್ಖಾನೆಗೆ ಒಗ್ಗಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ಫ್ರೆಡರಿಕ್ ಕಾಟ್ರೆಲ್. 1907ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಅವರು ಆಮ್ಲದ ಮಂಜನ್ನು ಹೀಗೆ ಹಿಡಿದು ತೋರಿಸಿದರು. ಪೇಟೆಂಟಿನ ಹಣವನ್ನು ತಾವು ಇಟ್ಟುಕೊಳ್ಳದೆ, 1912ರಲ್ಲಿ ಒಂದು ಸಂಸ್ಥೆ ಕಟ್ಟಿ, ಬೇರೆ ವಿಜ್ಞಾನಿಗಳ ಸಂಶೋಧನೆಗೆ ಸಲ್ಲುವಂತೆ ಮಾಡಿದರು.

ಹಾಗಾದರೆ ಗಾಳಿ ಶುದ್ಧವಾಯಿತೇ? ಪೂರ್ತಿ ಇಲ್ಲ. ಕಣ್ಣಿಗೆ ಕಾಣುವ ಬೂದಿ ಸಿಕ್ಕಿತು, ಕಾಣದ ಅನಿಲಗಳು ತಪ್ಪಿಸಿಕೊಂಡವು. ಅವುಗಳಲ್ಲಿ ನೈಟ್ರೋಜನ್ ಆಕ್ಸೈಡ್‌ಗಳು ಶ್ವಾಸಕೋಶವನ್ನು ಕೆಣಕುತ್ತವೆ, ಆಮ್ಲ ಮಳೆಗೂ ಕಾರಣವಾಗುತ್ತವೆ.

ಇವನ್ನೂ ಮಿಂಚಿನಿಂದಲೇ ಹಿಡಿಯಬಹುದೇ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧಿಕ ವೋಲ್ಟೇಜ್ ಪ್ರಯೋಗಾಲಯದಲ್ಲಿ ಪ್ರೊ. ಬಿ. ಎಸ್. ರಜನೀಕಾಂತ್ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಪ್ರಯೋಗ ಮಾಡಿದ್ದಾರೆ. ಡೀಸೆಲ್ ಎಂಜಿನ್ನಿನ ಹೊಗೆಯನ್ನು ಕೊಳವೆಯೊಳಗೆ ಹಾಯಿಸಿ, ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಬೇಗ ಮುಗಿಯುವ ವಿದ್ಯುತ್ ಹೊಡೆತಗಳನ್ನು ಒಂದರ ಹಿಂದೊಂದು ಕೊಡುತ್ತಾರೆ. ಎಲೆಕ್ಟ್ರಾನುಗಳು ಓಡಿಬಂದು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆದು ಒಡೆಯುತ್ತವೆ. ಒಡೆದ ಚೂರುಗಳು ನೈಟ್ರಿಕ್ ಆಕ್ಸೈಡ್ ಜೊತೆ ಸೇರಿ ಅದನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತವೆ. ಇದನ್ನು ಹೀರಿ ಹಿಡಿಯುವುದು ಸುಲಭ. ಹೀರಲು ಅವರು ಬಳಸಿ ನೋಡಿದ ವಸ್ತುಗಳಲ್ಲಿ ಕೆಂಪು ಕೆಸರೂ ಒಂದು. ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕಸ ಅದು. ಕಸದಿಂದಲೇ ಕಸ ತೆಗೆಯುವ ಜಾಣತನ!

ಆದರೆ ದೊಡ್ಡ ಚಿಮಣಿಗೆ ಇದನ್ನು ಅಳವಡಿಸುವುದು ಸುಲಭವಲ್ಲ. ಹೊಗೆ ಹೆಚ್ಚಿದಷ್ಟೂ ವಿದ್ಯುತ್ ಖರ್ಚು ಹೆಚ್ಚುತ್ತದೆ, ಹೀರುವ ವಸ್ತು ತುಂಬಿದಾಗ ಬದಲಿಸಬೇಕು. ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್ ಅಂತೂ ಹೀಗೆ ಸಿಗುವುದಿಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಆಕಾಶದ ಮಿಂಚೂ ನೈಟ್ರೋಜನ್ ಆಕ್ಸೈಡನ್ನು ಹುಟ್ಟಿಸುತ್ತದೆ. ಅದು ಮಳೆಯಲ್ಲಿ ಕರಗಿ ನೆಲಕ್ಕಿಳಿದು ಬೆಳೆಗೆ ಗೊಬ್ಬರವಾಗುತ್ತದೆ. ಹೊಲಕ್ಕೆ ಹಿತವಾದದ್ದೇ ಅಳತೆ ಮೀರಿದರೆ ಎದೆಗೆ ಅಹಿತ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನೊಮ್ಮೆ ಆ ದಾರಿಯಲ್ಲಿ ಹೋಗುವಾಗ ಮೊಮ್ಮಗಳಿಗೆ ಉತ್ತರ ಹೇಳಿ: “ಕರಿ ಹೊಗಿ ಒಳಗ ಸಿಕ್ಕಿಬಿದ್ದೈತವ್ವಾ. ಕಾಣದಿದ್ದದ್ದನ್ನ ಹಿಡಿಯೋ ಕೆಲಸ ಇನ್ನೂ ಐತಿ.” ಆ ಕೆಲಸ ಅವಳನ್ನೇ ಕಾಯುತ್ತಿರಬಹುದು. ಅಲ್ಲಿಯವರೆಗೆ, ಖಾಲಿ ಕೋಣೆಯಲ್ಲಿ ತಿರುಗುತ್ತಿರುವ ಫ್ಯಾನ್ ಆರಿಸಿದರೂ ಸಾಕು, ಕಲ್ಲಿದ್ದಲು ಅಷ್ಟು ಕಡಿಮೆ ಸುಡುತ್ತದೆ.