ಕಣ್ಣು ಕಂಡದ್ದು, ಕ್ಯಾಮೆರಾ ಹಿಡಿದದ್ದು

ಟಿವಿಯಲ್ಲಿ ಹಳದಿ ಸೀರೆಯುಟ್ಟ ಗಾಯಕಿಯೊಬ್ಬರು ಹಾಡುತ್ತಿದ್ದಾರೆ ಎಂದುಕೊಳ್ಳಿ. ಆ ಹಳದಿ ಬಣ್ಣ ಪರದೆಯ ಮೇಲೆ ಎಲ್ಲಿಯೂ ಇಲ್ಲ ಎಂದರೆ ನಂಬುತ್ತೀರಾ? ಬರಿದೇ ನಂಬುವ ಅಗತ್ಯವಿಲ್ಲ, ಪರೀಕ್ಷಿಸಿ ನೋಡಬಹುದು. ಮೊಬೈಲ್ ಫೋನಿನ ಕ್ಯಾಮೆರಾದ ಮುಂದೆ ಒಂದು ಭೂತಕನ್ನಡಿಯನ್ನು ಹಿಡಿದು, ಪರದೆಯ ತೀರ ಹತ್ತಿರಕ್ಕೆ ಹೋಗಿ ಸೀರೆಯ ಭಾಗದ ಚಿತ್ರ ತೆಗೆಯಿರಿ. ಕೆಂಪು, ಹಸಿರು, ನೀಲಿ ಎಂಬ ಮೂರೇ ಬಣ್ಣಗಳ ಪುಟ್ಟ ಪಟ್ಟಿಗಳು ಸಾಲುಗಟ್ಟಿ ನಿಂತಿರುವುದು ಕಾಣುತ್ತದೆ. ಸೀರೆಯಿದ್ದ ಜಾಗದಲ್ಲಿ ಕೆಂಪು ಮತ್ತು ಹಸಿರು ಪಟ್ಟಿಗಳು ಬೆಳಗುತ್ತಿರುತ್ತವೆ, ನೀಲಿ ಬಹುಮಟ್ಟಿಗೆ ಆರಿರುತ್ತದೆ. ಹಳದಿಯನ್ನು ತಯಾರಿಸಿಕೊಂಡದ್ದು ನಮ್ಮ ಕಣ್ಣು ಮತ್ತು ಮಿದುಳು. ಗಾಯಕಿಯ ಬಿಳಿ ಮಲ್ಲಿಗೆ ದಂಡೆಯ ಬಳಿ ಹೋದರೆ ಅಲ್ಲಿ ಬಿಳಿಯೂ ಇಲ್ಲ. ಮೂರು ಬಣ್ಣಗಳೂ ಒಟ್ಟಿಗೆ ಉರಿಯುತ್ತಿರುತ್ತವೆ.

ಈ ಮೂರು ಬಣ್ಣಗಳ ಪಟ್ಟಿಗಳನ್ನೇ ನಂಬಿ ಅನ್ನ ತಿನ್ನುವವನು ನಾನು. ಆದರೂ ಸಂಜೆ ಮನೆಯಲ್ಲಿ ಟಿವಿ ಮುಂದೆ ಕುಳಿತಾಗ ನನಗೂ ಕಾಣುವುದು ಹಳದಿ ಸೀರೆಯೇ. ನಮ್ಮ ಕಣ್ಣು ಒಬ್ಬ ಅನುಭವಿ ಗುಮಾಸ್ತನ ಹಾಗೆ. ದೊಡ್ಡ ಕಡತವನ್ನು ಓದಿ ಮೇಲಧಿಕಾರಿಗೆ ನಾಲ್ಕು ಸಾಲಿನ ಟಿಪ್ಪಣಿ ಬರೆದುಕೊಡುತ್ತದೆ. ತೀರ ಚಿಕ್ಕದ್ದನ್ನು, ತೀರ ವೇಗದ್ದನ್ನು ಅದು ಬಿಟ್ಟುಬಿಡುತ್ತದೆ. ಅಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಅಂಕುಡೊಂಕಾದದ್ದನ್ನು ತಾನೇ ನೆಟ್ಟಗೆ ಮಾಡಿಯೂ ಬರೆದುಬಿಡುತ್ತದೆ! ಕಿರುತೆರೆಯ ಮಾತುಕತೆಯಲ್ಲಿ ಸಮಯ ಸಾಲದೆ ಈ ವಿಷಯ ಅರ್ಧಕ್ಕೇ ನಿಲ್ಲುವುದುಂಟು. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಇಂಗ್ಲೆಂಡಿನಲ್ಲಿ ಆರ್ಥರ್ ಮೇಸನ್ ವರ್ದಿಂಗ್ಟನ್ ಎಂಬ ಭೌತವಿಜ್ಞಾನಿಯಿದ್ದರು. ಒಂದು ಹನಿ ಬಿದ್ದಾಗ ಏನಾಗುತ್ತದೆ ಎಂಬುದಷ್ಟೇ ಅವರ ಪ್ರಶ್ನೆ. 1870ರ ದಶಕದಲ್ಲಿ ಆರಂಭಿಸಿ ಅನೇಕ ವರ್ಷಗಳ ಕಾಲ ಅವರು ಇದನ್ನೇ ಬೆನ್ನು ಹತ್ತಿದರು. ಕತ್ತಲೆ ಕೋಣೆಯಲ್ಲಿ ಹಾಲಿನದೋ ಪಾದರಸದ್ದೋ ಒಂದು ಹನಿಯನ್ನು ಬೀಳಿಸುವುದು, ಅದು ನೆಲಕ್ಕೆ ತಾಗಿದ ಕ್ಷಣಕ್ಕೆ ಸರಿಯಾಗಿ ವಿದ್ಯುತ್ ಕಿಡಿಯೊಂದನ್ನು ಹಾರಿಸುವುದು. ಕಿಡಿಯ ಬೆಳಕಿನಲ್ಲಿ ಕಣ್ಣಿಗೆ ಕಂಡದ್ದನ್ನು ಮರೆಯುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವುದು. ಹೀಗೆ ಸಿದ್ಧವಾದ ಅವರ ರೇಖಾಚಿತ್ರಗಳು ರಂಗೋಲಿಯಷ್ಟು ಅಂದವಾಗಿದ್ದವು. ಸುತ್ತಲೂ ಸಮಾನ ಅಂತರದಲ್ಲಿ ಎದ್ದ ಎಳೆಗಳು, ಒಂದೊಂದರ ತುದಿಗೂ ಒಂದೊಂದು ಮುತ್ತು.

1894ರ ಹೊತ್ತಿಗೆ ಕಿಡಿಯ ಬೆಳಕಿನಲ್ಲೇ ಛಾಯಾಚಿತ್ರ ತೆಗೆಯುವುದು ಅವರಿಗೆ ಸಾಧ್ಯವಾಯಿತು. ಚಿತ್ರ ನೋಡಿದರೆ ಆ ರಂಗೋಲಿಯೇ ಮಾಯ! ಒಂದು ಎಳೆ ಉದ್ದ, ಇನ್ನೊಂದು ಗಿಡ್ಡ, ಒಂದು ಕಡೆ ದಟ್ಟ, ಇನ್ನೊಂದು ಕಡೆ ಖಾಲಿ. ತಮ್ಮ ಹಳೆಯ ಟಿಪ್ಪಣಿ ಪುಸ್ತಕಗಳನ್ನು ತಿರುವಿ ಹಾಕಿದಾಗ ಅವರಿಗೆ ಇನ್ನೊಂದು ಸಂಗತಿ ಹೊಳೆಯಿತು. ಒರಟಾದ, ವಕ್ರವಾದ ಹನಿಗಳನ್ನೂ ಅವರು ಅಂದೇ ಬರೆದುಕೊಂಡಿದ್ದರು. ಆದರೆ ಅವು ಸರಿಯಾಗಿ ಬೀಳದ ಹನಿಗಳು ಎಂದು ಪಕ್ಕಕ್ಕಿಟ್ಟು, ಸುಂದರವಾದವನ್ನು ಮಾತ್ರ ಪ್ರಕಟಣೆಗೆ ಆರಿಸಿದ್ದರು. ಇದನ್ನು ಅವರು ಮುಚ್ಚಿಡದೆ ತಾವೇ ಬರೆದರು. 1908ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಕಾಣುವುದು ಛಾಯಾಚಿತ್ರಗಳ ಸಾಲು. ಹನಿಯ ಚಿತ್ರವೆಂದರೆ ಇಂದು ಎಲ್ಲರೂ ನೆನೆಯುವುದು ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ 1957ರಲ್ಲಿ ಬಣ್ಣದಲ್ಲಿ ತೆಗೆದ ಹಾಲಿನ ಕಿರೀಟವನ್ನು. ನನಗೋ, ವರ್ದಿಂಗ್ಟನ್ನರ ಆ ಸೊಟ್ಟ ಹನಿಗಳೇ ಹೆಚ್ಚು ಇಷ್ಟ.

ಈ ಪ್ರಯೋಗವನ್ನು ನೀವು ಅಡುಗೆಮನೆಯಲ್ಲೇ ಮಾಡಬಹುದು. ಕಪ್ಪು ಅಥವಾ ಕೆಂಪು ತಟ್ಟೆಯಲ್ಲಿ ತೆಳ್ಳಗೆ ಹಾಲು ಹರಡಿ, ಒಂದು ಮೊಳ ಎತ್ತರದಿಂದ ಹಾಲಿನ ಹನಿಯನ್ನು ಬೀಳಿಸಿ. ಸೆಕೆಂಡಿಗೆ 240 ಚೌಕಟ್ಟುಗಳನ್ನು ಹಿಡಿಯುವ ನಿಧಾನಗತಿಯ ಸೌಲಭ್ಯ ಇಂದು ಅನೇಕ ಫೋನುಗಳಲ್ಲಿದೆ. ಒಂದು ಚೌಕಟ್ಟಿಗೂ ಮುಂದಿನದಕ್ಕೂ ನಡುವೆ ಸುಮಾರು 4 ಮಿಲಿಸೆಕೆಂಡು. ಬೆಳಕಿಗೆ ಕಿಟಕಿಯ ಬಿಸಿಲನ್ನೇ ಬಳಸಿ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಟ್ಯೂಬ್‌ಲೈಟು ಮತ್ತು ಹಲವು ಎಲ್‌ಇಡಿ ಬಲ್ಬುಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಬಾರಿ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಗೊತ್ತಾಗದ ಈ ಮಿಣುಕಾಟ ನಿಧಾನಗತಿಯ ಚಿತ್ರದಲ್ಲಿ ಎದ್ದು ಕಾಣುತ್ತದೆ. ಇಪ್ಪತ್ತು ಹನಿಗಳನ್ನಾದರೂ ಹಿಡಿಯಿರಿ. ಇಪ್ಪತ್ತನ್ನೂ ಉಳಿಸಿಕೊಳ್ಳಿ. ಚೆನ್ನಾಗಿ ಬಂದ ಒಂದನ್ನಿಟ್ಟುಕೊಂಡು ಉಳಿದವನ್ನು ಅಳಿಸಿದರೆ ವರ್ದಿಂಗ್ಟನ್ನರ ರೇಖಾಚಿತ್ರಗಳ ಕಾಲಕ್ಕೆ ಹಿಂತಿರುಗಿದಂತೆ.

ಆಯ್ಕೆಯ ಈ ಪ್ರಶ್ನೆ ಹವ್ಯಾಸಿಗಳನ್ನೂ ಕಾಡಿದೆ. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಿನ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿ 15ರಂದು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳೊಂದರ ಚಿತ್ರ ತೆಗೆದ. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬೆಂಕಿ ಹಾಕದ ಕೊರೆಯುವ ಕೊಟ್ಟಿಗೆಯಲ್ಲಿ, ಉಸಿರಿನ ಬಿಸಿಗೆ ಹರಳು ಕರಗದಂತೆ ಉಸಿರು ಬಿಗಿಹಿಡಿದು ಅವನು ಕೆಲಸ ಮಾಡುತ್ತಿದ್ದ. ಜೀವಮಾನದಲ್ಲಿ 5000ಕ್ಕೂ ಹೆಚ್ಚು ಹರಳುಗಳನ್ನು ಹಿಡಿದಿಟ್ಟ. ಆದರೆ ಅವನು ಆರಿಸುತ್ತಿದ್ದುದು ಬಹುಮಟ್ಟಿಗೆ ಆರು ಕಡೆಯೂ ಒಂದೇ ತೆರನಾಗಿದ್ದ ಹರಳುಗಳನ್ನು. ಹಿನ್ನೆಲೆ ಕಪ್ಪಾಗಲೆಂದು ನೆಗೆಟಿವ್‌ನಲ್ಲಿ ಹರಳಿನ ಅಂಚಿನ ಸುತ್ತ ಚಾಕುವಿನಿಂದ ಕೆರೆಯುತ್ತಲೂ ಇದ್ದ. ಜರ್ಮನಿಯ ಹವಾಮಾನ ವಿಜ್ಞಾನಿ ಗುಸ್ತಾವ್ ಹೆಲ್ಮನ್ ಇದನ್ನು ಕಟುವಾಗಿ ಟೀಕಿಸಿದ. ಹೆಲ್ಮನ್ನನ ಜೊತೆಗಾರ ತೆಗೆದ ಚಿತ್ರಗಳಲ್ಲಿ ಮುರಿದ, ಓರೆಯಾದ ಹರಳುಗಳೇ ಹೆಚ್ಚಾಗಿದ್ದವು. ಹರಳಿನ ಒಳವಿನ್ಯಾಸವನ್ನು ಅಷ್ಟು ಸೊಗಸಾಗಿ ಜಗತ್ತಿಗೆ ತೋರಿಸಿದ ಕೀರ್ತಿ ಬೆಂಟ್ಲಿಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಹಿಮಪಾತದಲ್ಲಿ ಅಂಥ ಹರಳು ಎಷ್ಟು, ಮುರುಕು ಎಷ್ಟು ಎಂದು ಕೇಳಿದರೆ ಅವನ ಚಿತ್ರಗಳು ಉತ್ತರ ಕೊಡಲಾರವು.

ಕ್ಯಾಮೆರಾ ಕೂಡ ಸತ್ಯಹರಿಶ್ಚಂದ್ರನಲ್ಲ ಎಂಬುದನ್ನು ನನ್ನ ಕಸುಬಿನವರು ಬಲ್ಲರು. ನಿಮಿಷಕ್ಕೆ 300 ಸುತ್ತು ತಿರುಗುವ ಮೂರು ರೆಕ್ಕೆಯ ಫ್ಯಾನನ್ನು ತೆಗೆದುಕೊಳ್ಳಿ. ಸೆಕೆಂಡಿಗೆ 5 ಸುತ್ತು. ನಮ್ಮ ದೇಶದ ದೂರದರ್ಶನದ ವ್ಯವಸ್ಥೆಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಹಾಗಾದರೆ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ರೆಕ್ಕೆ 72 ಡಿಗ್ರಿ ಮುಂದೆ ಹೋಗಿರುತ್ತದೆ. ರೆಕ್ಕೆಗಳ ನಡುವಿನ ಅಂತರ 120 ಡಿಗ್ರಿ. ಮೂರೂ ಒಂದೇ ತೆರನಾಗಿರುವುದರಿಂದ, 72 ಡಿಗ್ರಿ ಮುಂದೆ ಬಂದ ಈ ರೆಕ್ಕೆಯನ್ನು 48 ಡಿಗ್ರಿ ಹಿಂದಕ್ಕೆ ಸರಿದ ಪಕ್ಕದ ರೆಕ್ಕೆ ಎಂದು ಮಿದುಳು ತಿಳಿಯುತ್ತದೆ. ಫ್ಯಾನು ಹಿಮ್ಮುಖವಾಗಿ ತಿರುಗುವಂತೆ ಕಾಣುತ್ತದೆ. ಫೋನಿನಲ್ಲಿ ಸ್ಥಿರಚಿತ್ರ ತೆಗೆದರೆ ಇನ್ನೊಂದು ವಿಚಿತ್ರ: ರೆಕ್ಕೆಗಳು ಬಾಳೆಎಲೆಯ ಹಾಗೆ ಬಾಗಿರುತ್ತವೆ. ಫೋನಿನ ಸಂವೇದಕ ಇಡೀ ದೃಶ್ಯವನ್ನು ಒಮ್ಮೆಗೇ ಹಿಡಿಯದೆ ಸಾಲು ಸಾಲಾಗಿ ಓದುವುದರಿಂದ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಮುಂದೆ ಸಾಗಿರುತ್ತದೆ. ಆದ್ದರಿಂದ ಚಿತ್ರದಲ್ಲಿ ಹೊಸದೇನಾದರೂ ಕಂಡರೆ ಅದು ವಸ್ತುವಿನದೋ ಯಂತ್ರದ್ದೋ ಎಂದು ಮೊದಲು ಕೇಳಿಕೊಳ್ಳಬೇಕು. ಫೋನನ್ನು ಅಡ್ಡ ತಿರುಗಿಸಿ ಇನ್ನೊಮ್ಮೆ ತೆಗೆದರೆ ಸಾಕು, ಬಾಗಿದ ರೆಕ್ಕೆಯ ರೂಪವೂ ಬದಲಾಗುತ್ತದೆ.

ಇನ್ನು ಮನೆಯ ಹೊರಗೆ ಬರೋಣ. ಸಮೀಪ ಛಾಯಾಗ್ರಹಣಕ್ಕೆ ದುಬಾರಿ ಮಸೂರವೇ ಬೇಕೆಂದಿಲ್ಲ. ಮಸೂರ ಬಿಚ್ಚಬಹುದಾದ ಕ್ಯಾಮೆರಾ ಇದ್ದರೆ, ಹಳೆಯ ಫಿಲಂ ಕ್ಯಾಮೆರಾದ 50 ಮಿಲಿಮೀಟರ್ ಮಸೂರವನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸುವ ಉಂಗುರ ಸಿಗುತ್ತದೆ. ಹಾಗೆ ಕೂರಿಸಿದರೆ ಹೆಚ್ಚುಕಡಿಮೆ ನಿಜಗಾತ್ರದ ಬಿಂಬ ಬೀಳುತ್ತದೆ. ಫೋನು ಮಾತ್ರ ಇದ್ದವರಿಗೆ ಭೂತಕನ್ನಡಿ ಸಾಕು. ಕಷ್ಟವಿರುವುದು ಬೇರೆ ಕಡೆ. ನಿಜಗಾತ್ರದ ಬಿಂಬದಲ್ಲಿ ಸ್ಪಷ್ಟವಾಗಿ ಮೂಡುವ ಪದರದ ದಪ್ಪ ಸುಮಾರು 1 ಮಿಲಿಮೀಟರ್ ಅಷ್ಟೆ. ಇರುವೆಯ ಕಣ್ಣು ಸ್ಫುಟವಾದರೆ ಹೊಟ್ಟೆ ಮಸುಕು. ಫೋಕಸ್ ಉಂಗುರವನ್ನು ತಿರುಗಿಸುವ ಬದಲು, ಮೊಣಕೈಯನ್ನು ನೆಲಕ್ಕೂರಿ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುವುದು ಸುಲಭ.

ಬೆಳಗಿನ ಜಾವವೇ ಇದಕ್ಕೆ ಸಕಾಲ. ತಂಪಿನಲ್ಲಿ ಕೀಟಗಳ ಮೈ ಜಡವಾಗಿರುತ್ತದೆ, ಬೇಗ ಹಾರುವುದಿಲ್ಲ. ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ, ಹೂವಿನ ಮೇಲೆ ತಂದಿಟ್ಟು ಚಿತ್ರ ತೆಗೆಯುವವರಿದ್ದಾರೆ. ಅದು ಕ್ರೂರ, ಜೊತೆಗೆ ಸುಳ್ಳು, ಏಕೆಂದರೆ ಆ ಹೂವಿಗೆ ಆ ಕೀಟ ಬರುತ್ತದೆಯೇ ಎಂಬುದೇ ನಮಗೆ ತಿಳಿಯದೆ ಹೋಗುತ್ತದೆ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಚಿತ್ರ ತೆಗೆಯುವುದನ್ನು ಹವ್ಯಾಸ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ನಮ್ಮ ಕನ್ನಡದ ಓದುಗರು ಬಲ್ಲರು. ಕ್ಯಾಮೆರಾ ಹಿಡಿದವನಿಗೆ ಕಾಯುವ ತಾಳ್ಮೆಯೇ ಮೊದಲ ಬಂಡವಾಳ.

ಆ ಹೊತ್ತಿನಲ್ಲಿ ರಾಗಿ ಹೊಲದಲ್ಲೋ, ಹಿತ್ತಲ ಟೊಮೆಟೊ ಗಿಡದಲ್ಲೋ ಎಲೆಗಳ ಮೇಲಿನ ನೀರನ್ನು ಹತ್ತಿರದಿಂದ ತೆಗೆಯಿರಿ. ನಾವೆಲ್ಲ ಅದನ್ನು ಒಂದೇ ಮಾತಿನಲ್ಲಿ ಇಬ್ಬನಿ ಎಂದುಬಿಡುತ್ತೇವೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಎರಡು ಬಗೆಯ ನೀರು ಕಾಣಬಹುದು. ಎಲೆಯ ಮೇಲೆಲ್ಲ ಮಂಜಿನ ಪುಡಿ ಉದುರಿಸಿದಂತೆ ಇರುವ ಕಿರುಹನಿಗಳು ನಿಜವಾದ ಇಬ್ಬನಿ. ಗಾಳಿಯ ತೇವ ತಣ್ಣನೆಯ ಎಲೆಗೆ ತಾಗಿ ಸಾಂದ್ರವಾದದ್ದು. ಇನ್ನೊಂದು ಬಗೆಯ ಹನಿಗಳು ದಪ್ಪ, ದುಂಡು. ರಾಗಿಯಲ್ಲಿ ಎಲೆಯ ತುದಿಗೆ, ಟೊಮೆಟೊದಲ್ಲಿ ಅಂಚಿನ ಹಲ್ಲುಗಳಿಗೆ, ಕೆಸುವಿನಲ್ಲಿ ಚೂಪಾದ ಕೊನೆಗೆ, ಯಾರೋ ಎಣಿಸಿ ಇಟ್ಟಂತೆ ಕುಳಿತಿರುತ್ತವೆ. ಈ ನೀರು ಬಂದದ್ದು ಗಿಡದ ಒಳಗಿನಿಂದ. ರಾತ್ರಿ ಪತ್ರರಂಧ್ರಗಳು ಮುಚ್ಚಿರುವುದರಿಂದ ನೀರು ಆವಿಯಾಗಿ ಹೋಗುವುದು ಕಡಿಮೆ. ಬೇರು ಮಾತ್ರ ತೇವದ ಮಣ್ಣಿನಿಂದ ನೀರನ್ನು ಹೀರುತ್ತಲೇ ಇರುತ್ತದೆ. ಆ ಒತ್ತಡಕ್ಕೆ ನೀರು ಮೇಲೇರಿ, ಎಲೆಯ ನರಗಳ ಕೊನೆಯಲ್ಲಿರುವ ವಿಶೇಷ ರಂಧ್ರಗಳಿಂದ ಹೊರಗೆ ಜಿನುಗುತ್ತದೆ. ಗಟೇಶನ್ ಎನ್ನುವ ಈ ಕ್ರಿಯೆಯನ್ನು ಕನ್ನಡದಲ್ಲಿ ಬಿಂದುಸ್ರಾವ ಎನ್ನಬಹುದು. ಈ ಹನಿಗಳಲ್ಲಿ ಮಣ್ಣಿನ ಲವಣಗಳೂ ಕರಗಿರುವುದರಿಂದ, ಒಣಗಿದ ಮೇಲೆ ಕೆಲವೊಮ್ಮೆ ಬಿಳಿಯ ಕಲೆ ಉಳಿಯುತ್ತದೆ.

ಒಂದು ಹನಿಯನ್ನು ಒತ್ತುಕಾಗದದಿಂದ ಮೆಲ್ಲಗೆ ಹೀರಿ ತೆಗೆದು, ಕ್ಯಾಮೆರಾವನ್ನು ಕದಲಿಸದೆ ಐದೈದು ನಿಮಿಷಕ್ಕೊಂದು ಚಿತ್ರ ತೆಗೆಯಿರಿ. ಬೇರಿನ ಒತ್ತಡ ಇನ್ನೂ ಇದ್ದರೆ ಅದೇ ಜಾಗದಲ್ಲಿ ಹೊಸ ಹನಿ ಊರಿ ನಿಲ್ಲುವುದು ಚಿತ್ರಗಳ ಸಾಲಿನಲ್ಲಿ ಕಾಣುತ್ತದೆ. ಪ್ರತಿದಿನ ತುಳಿದುಕೊಂಡು ಹೋಗುವ ಹುಲ್ಲಿನೊಳಗೆ ರಾತ್ರಿಯಿಡೀ ಒಂದು ಪಂಪು ಕೆಲಸ ಮಾಡಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ?

ಮಾವಿನ ಮರ ಇನ್ನೊಂದು ಲೋಕ. ಎಲೆಗಳನ್ನು ರೇಷ್ಮೆಯಿಂದ ಹೊಲಿದು ಗೂಡು ಕಟ್ಟುವ ಕೆಂಪಿರುವೆಗಳನ್ನು ನೀವು ನೋಡಿರಬಹುದು, ಕಚ್ಚಿಸಿಕೊಂಡೂ ಇರಬಹುದು. ಮಲೆನಾಡಿನಲ್ಲಿ ಅವು ಚಗಳಿ, ಚಟ್ನಿಗೂ ಆಗುತ್ತವೆ. ಅವುಗಳ ಓಡಾಟದ ದಾರಿಯ ಆಸುಪಾಸಿನಲ್ಲಿ ಒಂಟಿಯಾಗಿ ತಿರುಗುವ ‘ಇರುವೆ’ಗಳ ಚಿತ್ರ ತೆಗೆಯಿರಿ. ಎಷ್ಟೋ ಚಿತ್ರಗಳು ಬರಿಯ ಇರುವೆಯವೇ ಆಗಿರುತ್ತವೆ. ಯಾವಾಗಲೋ ಒಮ್ಮೆ ಕಾಲುಗಳನ್ನು ಎಣಿಸಿದರೆ ಎಂಟು ಬರುತ್ತವೆ! ಅದು ಚಗಳಿಯ ವೇಷ ಹಾಕಿದ ಜಿಗಿಯುವ ಜೇಡ. ಬಣ್ಣ ಅದೇ, ಸಣ್ಣ ಸೊಂಟವೂ ಅದೇ. ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತದೆ. ಗಂಡಿಗೆ ಮುಂದಕ್ಕೆ ಚಾಚಿದ ಉದ್ದನೆಯ ದವಡೆಗಳಿರುವುದರಿಂದ, ಒಂದು ಇರುವೆ ಇನ್ನೊಂದನ್ನು ಹೊತ್ತುಕೊಂಡು ಹೋಗುತ್ತಿರುವಂತೆ ಕಾಣುತ್ತದೆ. ಕಚ್ಚುವ ಇರುವೆಯ ತಂಟೆಗೆ ಹೋಗದ ಬೇಟೆಗಾರರಿಂದ ಇದು ಜೇಡಕ್ಕೆ ರಕ್ಷಣೆ. ಇರುವೆ ಎಂಬ ಹೆಸರನ್ನು ನಾವು ಅವಸರದಲ್ಲಿ ಇಟ್ಟುಬಿಡುವುದೂ ಈ ವೇಷಕ್ಕೆ ಒಂದು ಮರೆಯಾಗಿದೆ. ನಿಂತ ಚಿತ್ರ ಕಾಲು ಎಣಿಸಲು ಬಿಡುವು ಕೊಡುತ್ತದೆ.

ಹವ್ಯಾಸಿಯ ಇಂಥ ಚಿತ್ರದಿಂದ ವಿಜ್ಞಾನಕ್ಕೇ ಹೊಸತು ಸಿಕ್ಕಿದ್ದೂ ಉಂಟು. ಮಲೇಷ್ಯಾದ ಛಾಯಾಗ್ರಾಹಕ ಗುವೆಕ್ ಹಾಕ್ ಪಿಂಗ್ 2011ರಲ್ಲಿ ಜಾಲರಿಯಂಥ ರೆಕ್ಕೆಯ ಹಸಿರು ಕೀಟವೊಂದರ ಚಿತ್ರವನ್ನು ಅಂತರಜಾಲದಲ್ಲಿ ಹಾಕಿದ. ರೆಕ್ಕೆಯ ಬುಡದಲ್ಲಿ ಕಪ್ಪು ಮತ್ತು ನೀಲಿಯ ಗುರುತುಗಳಿದ್ದವು. ಅದು ಕ್ಯಾಲಿಫೋರ್ನಿಯಾದ ಕೀಟವಿಜ್ಞಾನಿ ಷಾನ್ ವಿಂಟರ್ಟನ್ ಅವರ ಕಣ್ಣಿಗೆ ಬಿತ್ತು. ಅವರಿಗೆ ತಿಳಿದ ಯಾವ ಪ್ರಭೇದಕ್ಕೂ ಅದು ಹೊಂದಲಿಲ್ಲ. ಆದರೆ ಕೈಯಲ್ಲಿ ಕೀಟವಿಲ್ಲದೆ ಹೆಸರಿಡುವುದು ಹೇಗೆ? ಛಾಯಾಗ್ರಾಹಕ ಮತ್ತೆ ಆ ಕಾಡಿಗೆ ಹೋಗಿ ಇನ್ನೊಂದು ಕೀಟವನ್ನು ಕಂಡು ಹಿಡಿದ ಮೇಲೆಯೇ, 2012ರಲ್ಲಿ ಸೆಮಾಕ್ರೈಸಾ ಜೇಡ್ ಎಂಬ ಹೊಸ ಪ್ರಭೇದದ ವಿವರಣೆ ಪ್ರಕಟವಾಯಿತು. ಲೇಖಕರ ಸಾಲಿನಲ್ಲಿ ಗುವೆಕ್‌ನ ಹೆಸರೂ ಇದೆ. ಅವನು ಮತ್ತೆ ಅದೇ ಕಾಡಿಗೆ ಹೋಗಲು ಸಾಧ್ಯವಾದದ್ದು, ಚಿತ್ರ ಎಲ್ಲಿಯದೆಂದು ಅವನಿಗೆ ಗೊತ್ತಿದ್ದುದರಿಂದ ಎಂಬುದನ್ನು ಮರೆಯಬೇಡಿ.

ಹಾಗಾಗಿ ಕ್ಯಾಮೆರಾದ ಜೊತೆ ಒಂದು ಅಗ್ಗದ ನೋಟ್‌ಬುಕ್ ಇರಲಿ. ದಿನಾಂಕ, ಹೊತ್ತು, ಊರು, ಯಾವ ಗಿಡ, ಎಲೆಯ ಮೇಲೋ ಕೆಳಗೋ, ಹಿಂದಿನ ರಾತ್ರಿ ಮಳೆ ಬಂದಿತ್ತೇ — ಇಷ್ಟು ಬರೆದುಕೊಳ್ಳಲು ಎರಡು ನಿಮಿಷ ಬೇಕಾಗುವುದಿಲ್ಲ. ಸಾಧ್ಯವಾದರೆ ಪಕ್ಕದಲ್ಲಿ ಮಿಲಿಮೀಟರ್ ಗೆರೆಗಳ ಅಳತೆಪಟ್ಟಿಯ ತುಣುಕನ್ನಿಟ್ಟು ಒಂದು ಚಿತ್ರ ತೆಗೆಯಿರಿ. ಕೀಟವಾದರೆ ಮೇಲಿನಿಂದ, ಪಕ್ಕದಿಂದ, ಎದುರಿನಿಂದ, ಹೀಗೆ ಮೂರಾದರೂ ಇರಲಿ. ಜೇಡವಾದರೆ ಮುಖವನ್ನು ನೇರ ಎದುರಿನಿಂದಲೇ ತೆಗೆಯಬೇಕು. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು. ಅವು ಎಷ್ಟು ಸಾಲಿನಲ್ಲಿವೆ, ಯಾವುದು ದೊಡ್ಡದು ಎಂಬುದನ್ನು ನೋಡಿಯೇ ಬಲ್ಲವರು ಅದರ ಕುಟುಂಬವನ್ನು ಎಷ್ಟೋ ಸಲ ಹೇಳಿಬಿಡುತ್ತಾರೆ.