ಸಿಬಿಲ್ ಸ್ಕೋರ್ 782 ಇದ್ರೂ ಕ್ರೆಡಿಟ್ ಕಾರ್ಡ್ ಯಾಕೆ ಸಿಗ್ಲಿಲ್ಲ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ನಾನು ಮೈಸೂರಿನ ನನ್ನ ರೂಮಿನಿಂದ ಮಾತಾಡ್ತಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮೂರು ಕಿಕ್ಕೇರಿಯಲ್ಲಿದ್ದೀನಿ. ಮಧ್ಯೆ ಟ್ರ್ಯಾಕ್ಟರ್ ಸದ್ದು ಬಂದ್ರೆ ಸ್ವಲ್ಪ ಸಹಿಸ್ಕೊಳ್ಳಿ.

ಊರಲ್ಲೇ ಕೂತು ರೆಕಾರ್ಡ್ ಮಾಡೋಕೆ ಒಂದು ಕಾರಣ ಇದೆ. ಕೆಲವು ತಿಂಗಳ ಹಿಂದೆ ಇದೇ ಜಗಲಿ ಮೇಲೆ ಕೂತಿದ್ದಾಗ ನನ್ನ ಫೋನಿಗೆ ಬ್ಯಾಂಕಿಂದ ಒಂದು ಮೆಸೇಜ್ ಬಂತು. ‘ನಮ್ಮ ಆಂತರಿಕ ನೀತಿಯ ಪ್ರಕಾರ ನಿಮ್ಮ ಕ್ರೆಡಿಟ್ ಕಾರ್ಡ್ ಅರ್ಜಿಯನ್ನು ಪರಿಗಣಿಸಲು ಸಾಧ್ಯವಾಗುತ್ತಿಲ್ಲ’ ಅನ್ನೋದು ಅದರ ಸಾರಾಂಶ. ಪಕ್ಕದಲ್ಲೇ ಅಪ್ಪ ಇದ್ರು. ಓದಿ ಹೇಳಿದೆ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, ‘ಯಾಕ್ಲಾ ಮಗ, ನಾವು ಯಾವ್ ಕಂತೂ ತಪ್ಪಿಸ್ನಿಲ್ವಲ್ಲ?’ ಅಂದ್ರು.

ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ನನ್ನ ಬೈಕ್ ಲೋನ್ 24 ಕಂತು, ಒಂದು ದಿನವೂ ತಡ ಆಗಿಲ್ಲ. ಫೋನ್ ಲೋನ್ ಮುಗಿಸಿದ್ದೀನಿ. ಸಿಬಿಲ್ ಸ್ಕೋರ್ 782. ಬಿ.ಕಾಂ ಓದಿದವನು, ಊರಲ್ಲಿ ಯಾರಿಗೆ ಬ್ಯಾಂಕ್ ಫಾರಂ ತುಂಬಬೇಕಾದ್ರೂ ನನ್ನನ್ನೇ ಕರೀತಾರೆ. ನನಗೇ ಕಾರ್ಡ್ ಇಲ್ಲ. ಅಪ್ಪನಿಗಂತೂ ಅದು ಕಾರ್ಡಿನ ವಿಷಯ ಆಗಿರಲಿಲ್ಲ, ಮರ್ಯಾದೆ ವಿಷಯ ಆಗಿತ್ತು. ಸರಿಯಾಗಿ ಸಾಲ ತೀರಿಸಿದೋರನ್ನೇ ನಂಬಲ್ಲ ಅಂದ್ರೆ ಹೇಗೆ ಅಂತ.

ಅಪ್ಪನ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಇವತ್ತಿನ ಸಂಚಿಕೆ.

ಸ್ಕೋರ್ ಹೇಳೋದು ಎಷ್ಟು, ಹೇಳದೇ ಇರೋದು ಎಷ್ಟು

ಮೊದಲು ಬುಡದಿಂದ ನೋಡೋಣ. ‘ಸಿಬಿಲ್’ ಅಂತ ನಾವು ಕರೆಯೋದು ಒಂದು ಕಂಪನಿಯ ಹೆಸರು. ನಮ್ಮ ದೇಶದಲ್ಲಿ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಬ್ಯಾಂಕು, ಫೈನಾನ್ಸ್ ಕಂಪನಿಗಳು ನಮ್ಮ ಸಾಲದ ವಿವರವನ್ನ ಇವುಗಳಿಗೆ ಕಳಿಸ್ತಾವೆ. ಅದರ ಮೇಲೆ 300ರಿಂದ 900ರೊಳಗೆ ಒಂದು ಅಂಕ ಬರುತ್ತೆ.

ಆ ಅಂಕದ ಲೆಕ್ಕದಲ್ಲಿ ಏನೇನು ಸೇರುತ್ತೆ? ಕಂತು ಸರಿಯಾಗಿ ಕಟ್ಟಿದ್ದೀರಾ, ಸಾಲದ ಇತಿಹಾಸ ಎಷ್ಟು ಹಳೇದು, ಇರೋ ಮಿತಿಯಲ್ಲಿ ಎಷ್ಟು ಬಳಸ್ತಿದ್ದೀರಿ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ, ಇಂಥವು. ಏನು ಸೇರಲ್ಲ? ನಿಮ್ಮ ಸಂಬಳ ಸೇರಲ್ಲ. ಉಳಿತಾಯ ಖಾತೆಯಲ್ಲಿರೋ ದುಡ್ಡು, ಎಫ್‌ಡಿ, ಜಮೀನು, ಡೇರಿಗೆ ಹಾಲು ಹಾಕಿ ಬರೋ ದುಡ್ಡು, ಯಾವುದೂ ಸೇರಲ್ಲ.

ಊರಲ್ಲಿ ಕೈಸಾಲ ಕೊಡೋರನ್ನ ನೆನಪಿಸಿಕೊಳ್ಳಿ. ಅವರು ಮನಸ್ಸಲ್ಲೇ ಮೂರು ಪ್ರಶ್ನೆ ಹಾಕ್ಕೋತಾರೆ. ಹಿಂದೆ ತಗೊಂಡಿದ್ದು ವಾಪಸ್ ಕೊಟ್ಟಿದ್ನಾ? ಈಗ ತೀರಿಸೋ ಶಕ್ತಿ ಇದೆಯಾ, ಬೇರೆ ಎಲ್ಲೆಲ್ಲಿ ಸಾಲ ಮಾಡ್ಕೊಂಡಿದ್ದಾನೆ? ಇವನು ಯಾರ ಮನೆಯವನು, ನಾಳೆ ಎಲ್ಲಿ ಸಿಗ್ತಾನೆ? ಬ್ಯಾಂಕೂ ಕೇಳೋದು ಇದನ್ನೇ. ಸ್ಕೋರ್ ಮುಖ್ಯವಾಗಿ ಉತ್ತರ ಕೊಡೋದು ಮೊದಲನೇ ಪ್ರಶ್ನೆಗೆ. ಉಳಿದ ಎರಡರಲ್ಲಿ ಎಲ್ಲಿ ಎಡವಿದ್ರೂ ಅರ್ಜಿ ಬಿತ್ತು.

ಆದಾಯ ಇದೆ, ದಾಖಲೆ ಇಲ್ಲ

ನನ್ನ ಕಥೆಯಲ್ಲಿ ಮೊದಲು ಸಿಕ್ಕಿದ್ದು ಇದು. ನಾನು ಸ್ವತಂತ್ರವಾಗಿ ಪಾಡ್‌ಕಾಸ್ಟ್ ಮಾಡೋನು. ಒಂದು ತಿಂಗಳು ಎಡಿಟಿಂಗ್ ಕೆಲಸ ಬರುತ್ತೆ, ಇನ್ನೊಂದು ತಿಂಗಳು ಜಾಹೀರಾತು, ಮತ್ತೊಂದು ತಿಂಗಳು ಏನೂ ಇಲ್ಲ. ಸ್ಯಾಲರಿ ಸ್ಲಿಪ್ ಇಲ್ಲ. ತೆರಿಗೆ ಕಟ್ಟೋ ಮಟ್ಟಕ್ಕೆ ಆದಾಯ ಬಂದಿಲ್ಲ ಅಂತ ಐಟಿ ರಿಟರ್ನ್ಸೂ ಹಾಕಿರಲಿಲ್ಲ. ಕಾಮರ್ಸ್ ಓದಿಯೂ ಹಾಕಿರಲಿಲ್ಲ, ಅದು ನನ್ನ ತಪ್ಪೇ.

ಬ್ಯಾಂಕಿನ ಕಂಪ್ಯೂಟರಿಗೆ ನಾನು ಕಾಣಿಸಿದ್ದು ಹೀಗೆ: ಸಾಲ ಸರಿಯಾಗಿ ಕಟ್ತಾನೆ, ಆದರೆ ಎಲ್ಲಿಂದ ಕಟ್ತಾನೆ ಗೊತ್ತಿಲ್ಲ. ಹಾಲು, ಕಬ್ಬು, ರೇಷ್ಮೆ ನಂಬಿಕೊಂಡಿರೋ ಮನೆಗಳಿಗೂ, ಡೆಲಿವರಿ ಮಾಡೋ ಹುಡುಗರಿಗೂ, ಅಂಗಡಿ ಇಟ್ಟೋರಿಗೂ ಇದೇ ತೊಂದರೆ. ಒಂದೊಂದು ಬ್ಯಾಂಕಿಗೂ, ಒಂದೊಂದು ಕಾರ್ಡಿಗೂ ಕನಿಷ್ಠ ಆದಾಯದ ಲೆಕ್ಕ ಬೇರೆ. ಅದಕ್ಕಿಂತ ಕೆಳಗಿದ್ರೆ ಅಥವಾ ತೋರಿಸೋಕೆ ಕಾಗದ ಇಲ್ದಿದ್ರೆ 782 ಆಗ್ಲಿ 850 ಆಗ್ಲಿ, ಪ್ರಯೋಜನ ಇಲ್ಲ.

ಚೆನ್ನಾಗಿ ಕಟ್ತಿರೋ ಸಾಲವೇ ಅಡ್ಡ ಬಂದಾಗ

ನನ್ನ ಚಿಕ್ಕಪ್ಪನ ಮಗನದ್ದು ಇನ್ನೊಂದು ಥರ. ಅವನಿಗೆ ಕೆಲಸ ಇದೆ, ಸ್ಲಿಪ್ ಇದೆ, ಸಂಬಳ 30,000. ಸ್ಕೋರ್ ನನಗಿಂತ ಜಾಸ್ತಿ. ಆದ್ರೂ ಅರ್ಜಿ ವಾಪಸ್. ಕೂತು ಲೆಕ್ಕ ಹಾಕಿದ್ವಿ. ಬೈಕಿಗೆ 5,500, ಪರ್ಸನಲ್ ಲೋನ್‌ಗೆ 8,500, ಫೋನಿಗೆ 2,500. ಒಟ್ಟು 16,500. ಸಂಬಳದ ಶೇ 55 ಕಂತಿಗೇ ಹೋಗ್ತಿದೆ. ಎಲ್ಲಾ ಸರಿಯಾಗಿ ಕಟ್ತಿದ್ದಾನೆ, ಅದಕ್ಕೇ ಸ್ಕೋರ್ ಚೆನ್ನಾಗಿದೆ. ಆದರೆ ಬ್ಯಾಂಕ್ ನೋಡೋದು ಇನ್ನೊಂದು ಬಿಲ್ ಬಂದ್ರೆ ಉಳಿದ ದುಡ್ಡಲ್ಲಿ ಕಟ್ಟೋಕಾಗುತ್ತಾ ಅಂತ. ಗಾಡಿ ಹೊರೆ ಎಳೀತಿದೆ ಅಂತ ಮತ್ತೆ ಮತ್ತೆ ಹೇರೋಕಾಗಲ್ಲ ಅಲ್ವಾ?

ಇಲ್ಲಿ ಎರಡು ಗುಟ್ಟು ಗೊತ್ತಿರ್ಲಿ. ಒಂದು, ನೀವು ಬೇರೆಯವರ ಸಾಲಕ್ಕೆ ಜಾಮೀನು ಹಾಕಿದ್ರೆ ಅದೂ ನಿಮ್ಮ ವರದಿಯಲ್ಲಿ ಕಾಣುತ್ತೆ. ಮಾವನ ಟ್ರ್ಯಾಕ್ಟರ್ ಲೋನಿಗೆ ಸಹಿ ಹಾಕಿ ಮರೆತಿರೋರು ನಮ್ಮ ಕಡೆ ಎಷ್ಟು ಜನ ಇಲ್ಲ! ಎರಡು, ಆ್ಯಪ್‌ಗಳ ‘ಪೇ ಲೇಟರ್’ ಕೂಡ ಸಾಲವಾಗೇ ದಾಖಲಾಗಬಹುದು. ಹೋಟೆಲ್ ಊಟಕ್ಕೆ ಒತ್ತಿದ ಬಟನ್ ಅಂತ ಹಗುರವಾಗಿ ತಗೋಬೇಡಿ.

ಈಗಾಗಲೇ ಕಾರ್ಡ್ ಇದ್ದು ಎರಡನೇದಕ್ಕೆ ಹಾಕೋರು ಇನ್ನೊಂದು ನೋಡಿ. 50,000 ಮಿತಿಯಲ್ಲಿ ಪ್ರತಿ ತಿಂಗಳೂ 45,000 ಬಳಸಿ ಪೂರ್ತಿ ಕಟ್ತಿದ್ರೂ, ಬ್ಯಾಂಕಿನ ಕಣ್ಣಿಗೆ ಅದು ಶೇ 90 ಬಳಕೆ. ಶೇ 30ರ ಒಳಗಿರಲಿ ಅನ್ನೋದು ಸಾಮಾನ್ಯವಾಗಿ ಕೊಡೋ ಸಲಹೆ.

ನಮ್ಮ ಹೆಸರು, ನಮ್ಮ ವಿಳಾಸ

ಇದನ್ನ ದೊಡ್ಡ ಚಾನೆಲ್‌ಗಳು ಹೇಳೋದು ಕಮ್ಮಿ. ನಮ್ಮೂರಲ್ಲಿ ಹುಟ್ಟಿದ ಕವಿ ಕೆ.ಎಸ್. ನರಸಿಂಹಸ್ವಾಮಿ ಅವರ ಹೆಸರು ತಗೊಳ್ಳಿ. ‘ಕೆ’ ಅಂದ್ರೆ ಕಿಕ್ಕೇರಿ, ‘ಎಸ್’ ಅಂದ್ರೆ ತಂದೆ ಸುಬ್ಬರಾವ್. ನಮ್ಮಲ್ಲಿ ಎಷ್ಟೋ ಜನರ ಹೆಸರು ಹೀಗೇ: ಮೊದಲು ಊರು, ಆಮೇಲೆ ಅಪ್ಪನ ಹೆಸರು, ಕೊನೆಗೆ ನಮ್ಮದು. ಆದರೆ ಪ್ಯಾನ್ ಅರ್ಜಿಯಲ್ಲಿ ಇನಿಶಿಯಲ್ ಬಿಡಿಸಿ ಬರೀಬೇಕು. ಹಾಗಾಗಿ ಆಧಾರ್‌ನಲ್ಲಿ ಎರಡು ಅಕ್ಷರ, ಪ್ಯಾನ್‌ನಲ್ಲಿ ಮೂರು ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಶಿಯಲ್ ಹಿಂದೆ. ಕಂಪ್ಯೂಟರಿಗೆ ಇವರು ಮೂರು ಜನ! ನನ್ನ ಅರ್ಜಿಯಲ್ಲೂ ಇದೇ ಆಗಿತ್ತು.

ವಿಳಾಸವೂ ಅಷ್ಟೇ. ಆಧಾರ್ ಕಿಕ್ಕೇರಿದು, ವಾಸ ಮೈಸೂರಿನ ಬಾಡಿಗೆ ರೂಮು, ಕರಾರು ಪತ್ರ ಇಲ್ಲ. ಊರಿನ ವಿಳಾಸ ಕೊಡೋಣ ಅಂದ್ರೆ ‘ದೇವಸ್ಥಾನದ ಹತ್ತಿರ’ ಅಂತ ಬರೆದ ಮನೆಯನ್ನ ಪೋಸ್ಟ್‌ಮ್ಯಾನ್ ಹುಡುಕ್ತಾರೆ, ಬ್ಯಾಂಕ್ ಕಳಿಸಿದ ಹುಡುಗ ಹುಡುಕಲ್ಲ. ಇದರ ಜೊತೆಗೆ ಕೆಲವು ಬ್ಯಾಂಕ್‌ಗಳು ಕೆಲವು ಪಿನ್ ಕೋಡ್‌ಗಳಿಗೆ ಕಾರ್ಡನ್ನೇ ಕೊಡಲ್ಲ. ಅದು ನಿಮ್ಮ ನಡತೆ ಮೇಲಿನ ತೀರ್ಪಲ್ಲ, ಅವರ ಸೇವೆ ಆ ಊರಿಗೆ ಇಲ್ಲ ಅಷ್ಟೇ.

ಬ್ಯಾಂಕ್ ಕಡೆಯ ಕಾರಣಗಳು

ಕೆಲವೊಮ್ಮೆ ನಿಮ್ಮ ಕಡೆ ಏನೂ ತಪ್ಪಿರಲ್ಲ. 2023ರ ನವೆಂಬರ್‌ನಲ್ಲಿ ಆರ್‌ಬಿಐ ಅಡಮಾನ ಇಲ್ಲದ ಸಾಲಗಳ ಮೇಲೆ ಬಿಗಿ ಮಾಡ್ತು. ಬ್ಯಾಂಕ್‌ಗಳ ಕ್ರೆಡಿಟ್ ಕಾರ್ಡ್ ಬಾಕಿಯ ‘ರಿಸ್ಕ್ ವೇಯ್ಟ್’ 125ರಿಂದ 150ಕ್ಕೆ ಏರಿತು. ಸರಳವಾಗಿ ಹೇಳೋದಾದ್ರೆ, ಅದೇ ಕಾರ್ಡ್ ಸಾಲಕ್ಕೆ ಬ್ಯಾಂಕ್ ತನ್ನ ಬಂಡವಾಳವನ್ನ ಮೊದಲಿಗಿಂತ ಜಾಸ್ತಿ ಎತ್ತಿಡಬೇಕು. ಆಗ ಬ್ಯಾಂಕ್ ಆಯ್ಕೆಯಲ್ಲಿ ಬಿಗಿಯಾಗುತ್ತೆ. ಹಾಗೇ ‘ಪ್ರೀ-ಅಪ್ರೂವ್ಡ್’ ಅಂತ ಬರೋ ಮೆಸೇಜ್ ನಂಬಿ ಕುಣೀಬೇಡಿ. ಅದು ಆಹ್ವಾನ ಪತ್ರಿಕೆ ಮಾತ್ರ, ಊಟದ ಎಲೆ ಇನ್ನೂ ಹಾಕಿಲ್ಲ.

ಒಂದೇ ಸಾಲದ ಮೇಲೆ ಬಂದ ಸ್ಕೋರ್ ಕೂಡ ಬ್ಯಾಂಕಿಗೆ ಸಾಲದು. ಎರಡು ವರ್ಷದ ಬೈಕ್ ಲೋನ್‌ನಿಂದ ಬಂದ 782ಕ್ಕೂ ಹತ್ತು ವರ್ಷದ ಹಲವು ಸಾಲದಿಂದ ಬಂದ 782ಕ್ಕೂ ತೂಕ ಒಂದೇ ಅಲ್ಲ.

ನಾನು ಮಾಡಿದ ದೊಡ್ಡ ತಪ್ಪು

ಮೊದಲ ಮೆಸೇಜ್ ಬಂದಾಗ ನಾನೇನು ಮಾಡಿದೆ ಗೊತ್ತಾ? ರೋಷ ಬಂತು. ‘ನೀವಲ್ಲದಿದ್ರೆ ಇನ್ನೊಬ್ರು’ ಅಂತ ಹನ್ನೆರಡು ದಿನದಲ್ಲಿ ಇನ್ನೂ ಮೂರು ಕಡೆ ಅರ್ಜಿ ಹಾಕಿದೆ. ಮೂರೂ ಕಡೆ ಇಲ್ಲ ಅಂದ್ರು.

ನಾವು ಅರ್ಜಿ ಹಾಕಿದಾಗ ಬ್ಯಾಂಕ್ ನಮ್ಮ ವರದಿ ತೆಗೆಸಿ ನೋಡುತ್ತೆ. ಯಾವ ಬ್ಯಾಂಕ್, ಯಾವ ದಿನ ನೋಡ್ತು ಅನ್ನೋದು ವರದಿಯಲ್ಲೇ ದಾಖಲಾಗುತ್ತೆ. ಎರಡು ವಾರದಲ್ಲಿ ನಾಲ್ಕು ಕಡೆ ಸಾಲ ಕೇಳಿದೋನನ್ನ ಕಂಡ್ರೆ ಐದನೆಯವರಿಗೆ ಏನನ್ಸುತ್ತೆ? ‘ಇವನಿಗೆ ಏನೋ ತುರ್ತಿದೆ, ಊರೆಲ್ಲಾ ಕೇಳ್ತಾವ್ನೆ’ ಅಂತ. ಸ್ಕೋರೂ ಇಳೀತು. ಒಂದು ಸಮಾಧಾನ: ನಮ್ಮ ಸ್ಕೋರನ್ನ ನಾವೇ ನೋಡ್ಕೊಂಡ್ರೆ ಅದರಿಂದ ಸ್ಕೋರ್ ಕಮ್ಮಿ ಆಗಲ್ಲ.

ಕಾರಣ ಕೇಳೋದು ನಿಮ್ಮ ಹಕ್ಕು

ಈ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. 2022ರ ಏಪ್ರಿಲ್‌ನಲ್ಲಿ ಆರ್‌ಬಿಐ ಕ್ರೆಡಿಟ್ ಕಾರ್ಡ್ ಬಗ್ಗೆ ಹೊರಡಿಸಿದ ನಿರ್ದೇಶನದಲ್ಲಿ ಸ್ಪಷ್ಟವಾಗಿದೆ: ಅರ್ಜಿ ತಿರಸ್ಕರಿಸಿದ್ರೆ, ಅದಕ್ಕೆ ನಿರ್ದಿಷ್ಟ ಕಾರಣ ಏನು ಅಂತ ಬ್ಯಾಂಕ್ ಬರವಣಿಗೆಯಲ್ಲಿ ತಿಳಿಸಬೇಕು. ‘ಆಂತರಿಕ ನೀತಿ’ ಅಂದ್ರೆ ಅದು ನಿರ್ದಿಷ್ಟ ಕಾರಣ ಅಲ್ಲ.

ಕಾಲ್ ಸೆಂಟರ್‌ಗೆ ಫೋನ್ ಮಾಡಿ ಜಗಳ ಆಡೋದನ್ನ ಬಿಟ್ಟು ನಾನು ಇಮೇಲ್ ಬರೆದೆ. ಅರ್ಜಿ ಸಂಖ್ಯೆ, ತಾರೀಖು, ‘ತಿರಸ್ಕಾರದ ನಿರ್ದಿಷ್ಟ ಕಾರಣ ಲಿಖಿತವಾಗಿ ತಿಳಿಸಿ’, ಇಷ್ಟೇ. ಕೆಲವು ದಿನದಲ್ಲಿ ಉತ್ತರ ಬಂತು. ಎರಡೇ ಸಾಲು: ಆದಾಯದ ದಾಖಲೆ ಸಾಲದು, ಹೆಸರು ತಾಳೆ ಆಗ್ತಿಲ್ಲ. ಓದಿ ನಿಜವಾಗ್ಲೂ ಹಗುರ ಆಯ್ತು. ಇವೆರಡೂ ಸರಿ ಮಾಡ್ಕೊಳ್ಳೋಕಾಗೋ ವಿಷಯ.

ಬ್ಯಾಂಕ್ ಉತ್ತರವೇ ಕೊಡದಿದ್ರೆ? ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನ ಕಳೆದ್ರೂ ಉತ್ತರ ಇಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಆದರೆ ‘ನನಗೆ ಕಾರ್ಡ್ ಕೊಡಿಸಿ’ ಅಂತ ಕೇಳಬೇಡಿ. ಕೊಡೋದು ಬಿಡೋದು ಬ್ಯಾಂಕಿನ ವ್ಯಾವಹಾರಿಕ ತೀರ್ಮಾನ, ಅದರಲ್ಲಿ ಅವರು ಕೈ ಹಾಕಲ್ಲ. ಕಾರಣ ಹೇಳಲಿಲ್ಲ ಅನ್ನೋದೇ ನಿಮ್ಮ ದೂರಾಗಿರಲಿ.

ಮುಂದೇನು ಮಾಡಬೇಕು

ಮೊದಲು ವರದಿ ತೆಗೆಸಿ. ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ಸ್ಕೋರ್ ನೋಡಿ ಮುಚ್ಚಿಡಬೇಡಿ, ಒಳಗೆ ಓದಿ. ನಿಮ್ಮದಲ್ಲದ ಸಾಲ ಇದೆಯಾ? ಮುಗಿಸಿದ ಸಾಲ ಇನ್ನೂ ಬಾಕಿ ಅಂತ ಇದೆಯಾ? ‘ಸೆಟಲ್ಡ್’ ಅಂತ ಬರೆದಿದ್ಯಾ? ಸೆಟಲ್ಡ್ ಅಂದ್ರೆ ಪೂರ್ತಿ ತೀರಿಸಿದ್ದಲ್ಲ, ಕಮ್ಮಿ ಕೊಟ್ಟು ಮುಗಿಸಿದ್ದು ಅಂತ ಅರ್ಥ.

ತಪ್ಪಿದ್ರೆ ಅದೇ ಕಂಪನಿಯ ವೆಬ್‌ಸೈಟ್‌ನಲ್ಲಿ ತಕರಾರು ಹಾಕಿ. 30 ದಿನದಲ್ಲಿ ಇತ್ಯರ್ಥ ಮಾಡದಿದ್ರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಅಂತ ಆರ್‌ಬಿಐ 2023ರಲ್ಲಿ ನಿಯಮ ಮಾಡಿದೆ. 2025ರ ಜನವರಿಯಲ್ಲಿ ಬ್ಯಾಂಕ್‌ಗಳು ಹದಿನೈದು ದಿನಕ್ಕೊಮ್ಮೆ ವಿವರ ಕಳಿಸಬೇಕು ಅನ್ನೋ ನಿಯಮ ಜಾರಿಗೆ ಬಂದಿದ್ರಿಂದ, ಸಾಲ ತೀರಿಸಿದ್ದು ಮೊದಲಿಗಿಂತ ಬೇಗ ಕಾಣುತ್ತೆ.

ಆಮೇಲೆ ಆಧಾರ್, ಪ್ಯಾನ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಒಂದೇ ಥರ ಮಾಡಿಸಿ. ಆದಾಯ ತೆರಿಗೆ ಮಿತಿಗಿಂತ ಕೆಳಗಿದ್ರೂ ರಿಟರ್ನ್ಸ್ ಹಾಕಿ, ಅದು ನಿಮ್ಮ ದುಡಿಮೆಗೆ ಕಾಗದದ ಸಾಕ್ಷಿ. ಕಾರಣ ಗೊತ್ತಾಗಿ, ಅದನ್ನ ಸರಿ ಮಾಡೋವರೆಗೂ ಹೊಸ ಅರ್ಜಿ ಬೇಡ.

ಅಷ್ಟು ಕಾಯೋಕಾಗಲ್ಲ ಅನ್ನೋರಿಗೆ ಎಫ್‌ಡಿ ಮೇಲೆ ಕೊಡೋ ಕಾರ್ಡ್ ಇದೆ. ದುಡ್ಡು ಠೇವಣಿ ಇಡಿ, ಅದರ ಆಧಾರದ ಮೇಲೆ ಮಿತಿ ಸಿಗುತ್ತೆ, ಠೇವಣಿಗೆ ಬಡ್ಡಿಯೂ ಬರುತ್ತೆ. ಸಂಬಳದ ಚೀಟಿ ಸಾಮಾನ್ಯವಾಗಿ ಕೇಳಲ್ಲ. ಬಿಲ್ ಕಟ್ಟದಿದ್ರೆ ಮಾತ್ರ ಠೇವಣಿಗೆ ಕೈ ಹಾಕ್ತಾರೆ.

ನಾನು ಮಾಡಿದ್ದೂ ಅದೇ. 20,000 ಎಫ್‌ಡಿ ಇಟ್ಟು ಸಣ್ಣ ಕಾರ್ಡ್ ತಗೊಂಡೆ. ಪಾಡ್‌ಕಾಸ್ಟಿನ ತಿಂಗಳ ಖರ್ಚು ಅದರಲ್ಲೇ ಹೋಗುತ್ತೆ, ಬಿಲ್ ಬಂದ ದಿನವೇ ಕಟ್ತೀನಿ. ರಿಟರ್ನ್ಸ್ ಹಾಕಿದ್ದೀನಿ, ಹೆಸರು ತಿದ್ದಿಸಿದ್ದೀನಿ.

ನಿನ್ನೆ ರಾತ್ರಿ ಊಟ ಆದ್ಮೇಲೆ ಅಪ್ಪನಿಗೆ ಇದನ್ನೆಲ್ಲಾ ಹೇಳಿದೆ. ‘ಅಪ್ಪ, ನಾವು ಸರಿಯಾಗಿ ಕಟ್ಟಿಲ್ಲ ಅಂತ ಅವರು ಹೇಳಲೇ ಇಲ್ಲ. ನನ್ನ ಸಂಪಾದನೆ ಎಷ್ಟು ಅಂತ ಅವರಿಗೆ ಕಾಣ್ಲಿಲ್ಲ ಅಷ್ಟೇ’ ಅಂದೆ. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು, ‘ಅಂಗಂತ ಮೊದ್ಲೇ ಬರೆದು ಕಳಿಸಿದ್ರೆ ಅವ್ರ ಗಂಟು ಏನ್ ಓಗ್ತಿತ್ತು?’ ಅಂದ್ರು.

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ಮುಂದಿನ ವಾರ ಮತ್ತೆ ಸಿಗೋಣ. ಅಲ್ಲೀವರೆಗೂ ನಿಮ್ಮ ವರದಿ ಒಮ್ಮೆ ತೆಗೆದು ಓದಿ. ಮಾವನ ಟ್ರ್ಯಾಕ್ಟರ್ ಅದರಲ್ಲಿ ನಿಂತಿದ್ಯಾ ನೋಡಿ!