ಅಹ್ಮದ್ ಖಾನ್ (ಫುಟ್‌ಬಾಲ್ ಆಟಗಾರ)

ಅಹ್ಮದ್ ಖಾನ್ (ಡಿಸೆಂಬರ್ 24, 1926 – ಆಗಸ್ಟ್ 27, 2017) ಬೆಂಗಳೂರಿನಲ್ಲಿ ಜನಿಸಿದ ಭಾರತೀಯ ಫುಟ್‌ಬಾಲ್ ಆಟಗಾರರು. ಮುಂಚೂಣಿಯ ಆಟಗಾರರಾಗಿದ್ದ ಇವರು 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. 1951ರ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದ ಭಾರತ ತಂಡದ ಸದಸ್ಯರೂ ಆಗಿದ್ದರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಪರವಾಗಿ 1949ರಿಂದ 1959ರವರೆಗೆ ಆಡಿದ ಇವರು ಆ ಕ್ಲಬ್ಬಿನ ‘ಪಂಚ ಪಾಂಡವರು’ ಎಂದು ಹೆಸರಾದ ಐವರು ಮುನ್ನುಗ್ಗುವ ಆಟಗಾರರಲ್ಲಿ ಒಬ್ಬರು. ಭಾರತೀಯ ಫುಟ್‌ಬಾಲ್ ಬರಿಗಾಲಿನ ಆಟದಿಂದ ಬೂಟು ಧರಿಸಿದ ಆಟಕ್ಕೆ ಹೊರಳಿದ ಕಾಲಘಟ್ಟವನ್ನು ಇವರ ವೃತ್ತಿಜೀವನವು ಪೂರ್ಣವಾಗಿ ಒಳಗೊಂಡಿದೆ.

ಹಿನ್ನೆಲೆ ಮತ್ತು ಆರಂಭಿಕ ಜೀವನ

ಬೆಂಗಳೂರಿನಲ್ಲಿ ಫುಟ್‌ಬಾಲ್ ಬೇರೂರಲು ದಂಡು ಪ್ರದೇಶವೇ ಮುಖ್ಯ ಕಾರಣ. ಅಲ್ಲಿ ನೆಲೆಸಿದ್ದ ಬ್ರಿಟಿಷ್ ಸೇನಾ ತುಕಡಿಗಳು ಆಡುತ್ತಿದ್ದ ಆಟವನ್ನು ಸ್ಥಳೀಯ ಯುವಕರು ನೋಡಿ ಕಲಿತರು. ಕಾಲಕ್ರಮೇಣ ನಗರದಲ್ಲಿ ಸ್ವಂತ ಕ್ಲಬ್ಬುಗಳು ಹುಟ್ಟಿಕೊಂಡವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಸೇನಾ ತಂಡಗಳ ಸ್ವತ್ತಾಗಿದ್ದ ಆ ಪ್ರಶಸ್ತಿಯನ್ನು ಭಾರತೀಯ ನಾಗರಿಕ ತಂಡವೊಂದು ಪಡೆದದ್ದು ಅದೇ ಮೊದಲು. ಮರುವರ್ಷವೂ, ಮತ್ತೆ 1948ರಲ್ಲೂ ಅದೇ ತಂಡ ಈ ಕಪ್ಪನ್ನು ಗೆದ್ದುಕೊಂಡಿತು. 1946–47ರಲ್ಲಿ ಮೈಸೂರು ತಂಡವು ಬಲಿಷ್ಠ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು.

ಅಹ್ಮದ್ ಖಾನ್ ಬೆಳೆದದ್ದು ಈ ವಾತಾವರಣದಲ್ಲಿ. ಅವರದು ಫುಟ್‌ಬಾಲ್ ಆಟಗಾರರ ಕುಟುಂಬ. ತಂದೆ ಹಾಗೂ ಸಹೋದರರೂ ಆಟಗಾರರಾಗಿದ್ದರು. ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡಿ ಗಮನ ಸೆಳೆದ ಅವರು ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಸ್ವತಂತ್ರ ಭಾರತದ ಪ್ರಥಮ ಒಲಿಂಪಿಕ್ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದರು.

ಆಟದ ಶೈಲಿ

ಆ ಕಾಲದ ತಂಡಗಳು ಸಾಮಾನ್ಯವಾಗಿ ಐವರು ಮುಂಚೂಣಿಯ ಆಟಗಾರರನ್ನು ಹೊಂದಿರುತ್ತಿದ್ದವು. ಎರಡು ಅಂಚುಗಳಲ್ಲಿ ಇಬ್ಬರು, ನಡುವೆ ಒಬ್ಬ ಸೆಂಟರ್ ಫಾರ್ವರ್ಡ್, ಅವರ ಮಧ್ಯದ ಜಾಗಗಳಲ್ಲಿ ಇಬ್ಬರು ಇನ್‌ಸೈಡ್ ಫಾರ್ವರ್ಡ್‌ಗಳು. ಅಹ್ಮದ್ ಖಾನ್ ಇವರಲ್ಲಿ ಎಡಬದಿಯ ಇನ್‌ಸೈಡ್ ಫಾರ್ವರ್ಡ್ ಆಗಿ ಆಡುತ್ತಿದ್ದರು. ಹಿಂಬದಿಯಿಂದ ಚೆಂಡನ್ನು ಪಡೆದು ಮುಂದೆ ಒಯ್ಯುವುದು, ಎದುರಾಳಿಗಳನ್ನು ತಪ್ಪಿಸಿ ಸಹ ಆಟಗಾರರಿಗೆ ಅವಕಾಶ ಕಲ್ಪಿಸುವುದು, ಸಮಯ ಬಂದಾಗ ತಾವೇ ಗೋಲು ಹೊಡೆಯುವುದು ಈ ಸ್ಥಾನದ ಕೆಲಸ. ಇಂದಿನ ಸ್ಟ್ರೈಕರ್ ಮತ್ತು ಆಕ್ರಮಣಕಾರಿ ಮಿಡ್‌ಫೀಲ್ಡರ್ ಇಬ್ಬರ ಹೊಣೆಯೂ ಆಗ ಒಬ್ಬನ ಮೇಲೆಯೇ ಇತ್ತು.

ಚೆಂಡಿನ ಮೇಲೆ ಅವರಿಗಿದ್ದ ಹಿಡಿತದಿಂದಾಗಿ ಅವರಿಗೆ ‘ಹಾವಾಡಿಗ’ ಎಂಬ ಉಪನಾಮ ಬಂದಿತು. ಈ ಹಿಡಿತಕ್ಕೂ ಬರಿಗಾಲಿಗೂ ನೇರ ಸಂಬಂಧವಿತ್ತು. ಬರಿಗಾಲಿನ ಆಟಗಾರನಿಗೆ ಪಾದದ ಯಾವ ಭಾಗಕ್ಕೆ ಚೆಂಡು ತಾಗಿದೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಚೆಂಡನ್ನು ಅಂಗಾಲಿನಿಂದ ಸವರಿ ಎಳೆಯುವುದು, ಹೆಬ್ಬೆರಳಿನ ಬುಡದಿಂದ ಮೆಲ್ಲನೆ ತಿರುಗಿಸುವುದು ಸುಲಭ. ಗಟ್ಟಿಯಾದ ಒಣ ನೆಲದಲ್ಲಿ ಇದು ದೊಡ್ಡ ಅನುಕೂಲ. ಆದರೆ ಅಂದಿನ ಚರ್ಮದ ಚೆಂಡು ಮಳೆಯಲ್ಲಿ ನೀರು ಹೀರಿ ಭಾರವಾಗುತ್ತಿತ್ತು. ಒದ್ದೆ ಹುಲ್ಲಿನ ಮೇಲೆ ಬರಿಗಾಲು ಜಾರುತ್ತಿತ್ತು. ಬೂಟು ಧರಿಸಿದ ಎದುರಾಳಿಯ ಕಾಲಿಗೆ ಕಾಲು ಕೊಡುವುದು ಅಪಾಯಕರವಾಗಿತ್ತು. ಅಹ್ಮದ್ ಖಾನರ ಅಂತರರಾಷ್ಟ್ರೀಯ ಜೀವನದಲ್ಲಿ ಈ ಎರಡೂ ಮುಖಗಳು ಕಾಣಿಸಿಕೊಂಡವು.

1948ರ ಲಂಡನ್ ಒಲಿಂಪಿಕ್ಸ್

ತಾಲಿಮೆರೆನ್ ಆವೊ ನಾಯಕತ್ವದ ಭಾರತ ತಂಡದಲ್ಲಿ ಬೆಂಗಳೂರಿನ ಆಟಗಾರರ ಪಾಲು ಗಣನೀಯವಾಗಿತ್ತು. ಗೋಲ್‌ಕೀಪರ್ ಕೆಂಚಪ್ಪ ವರದರಾಜ್, ಮುಂಚೂಣಿಯ ಸಾರಂಗಪಾಣಿ ರಾಮನ್ ಮತ್ತು ಅಹ್ಮದ್ ಖಾನ್ ಅವರಲ್ಲಿ ಪ್ರಮುಖರು. 1948ರ ಜುಲೈ 31ರಂದು ಲಂಡನ್ ಸಮೀಪದ ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಕ್ರೀಡಾಂಗಣದಲ್ಲಿ ಭಾರತವು ಫ್ರಾನ್ಸ್ ತಂಡವನ್ನು ಎದುರಿಸಿತು. ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿಯೇ ಕಣಕ್ಕಿಳಿದರು.

ಮೊದಲಾರ್ಧದಲ್ಲಿ ಫ್ರಾನ್ಸ್ ಮುನ್ನಡೆ ಪಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮಬಲದ ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಇದೇ. ಆದರೆ ದೊರೆತ ಎರಡು ಪೆನಾಲ್ಟಿ ಅವಕಾಶಗಳನ್ನು ಭಾರತ ಕಳೆದುಕೊಂಡಿತು. ಸೈಲೇನ್ ಮನ್ನಾ ಮತ್ತು ಮಹಾವೀರ ಪ್ರಸಾದ್ ತಲಾ ಒಂದನ್ನು ವ್ಯರ್ಥಗೊಳಿಸಿದರು. ಪಂದ್ಯ ಮುಗಿಯಲು ಒಂದು ನಿಮಿಷವಿರುವಾಗ ಫ್ರಾನ್ಸ್ ಎರಡನೇ ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೂ ಭಾರತೀಯರ ಆಟ ಪ್ರೇಕ್ಷಕರ ಮೆಚ್ಚುಗೆ ಗಳಿಸಿತು. ಆ ಪ್ರವಾಸದಲ್ಲಿಯೇ ಭಾರತ ತಂಡವು ನೆದರ್‌ಲ್ಯಾಂಡ್ಸ್‌ನ ಪ್ರಸಿದ್ಧ ಅಯಾಕ್ಸ್ ಕ್ಲಬ್ಬನ್ನು 5–1ರಿಂದ ಸೋಲಿಸಿತು. ಈ ಫಲಿತಾಂಶಗಳು ಬರಿಗಾಲಿನ ಆಟದ ಮೇಲಿನ ನಂಬಿಕೆಯನ್ನು ಇನ್ನಷ್ಟು ಬಲಪಡಿಸಿದವು.

ಈಸ್ಟ್ ಬೆಂಗಾಲ್ ಮತ್ತು ಪಂಚ ಪಾಂಡವರು

ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಜ್ಯೋತಿಷ್ ಚಂದ್ರ ಗುಹಾ ದಕ್ಷಿಣ ಭಾರತದ ಪ್ರತಿಭೆಗಳನ್ನು ಹುಡುಕಿ ಕೋಲ್ಕತ್ತಕ್ಕೆ ಕರೆತಂದರು. ಅಹ್ಮದ್ ಖಾನ್ 1949ರಲ್ಲಿ ಕ್ಲಬ್ಬನ್ನು ಸೇರಿದಾಗ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಮತ್ತು ಅಹ್ಮದ್ ಎಂಬ ಐವರ ಮುಂಚೂಣಿ ಪೂರ್ಣಗೊಂಡಿತು. ಐವರೂ ದಕ್ಷಿಣದವರು, ಬೇರೆ ಬೇರೆ ಭಾಷೆ, ಧರ್ಮಗಳಿಗೆ ಸೇರಿದವರು. ಬಂಗಾಳದ ಅಭಿಮಾನಿಗಳು ಅವರನ್ನು ‘ಪಂಚ ಪಾಂಡವರು’ ಎಂದು ಕರೆದರು.

ಮೊದಲ ಋತುವಿನಲ್ಲಿಯೇ ಕ್ಲಬ್ಬು ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್ ಮತ್ತು ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಐಎಫ್‌ಎ ಶೀಲ್ಡ್ 1949, 1950 ಮತ್ತು 1951ರಲ್ಲಿ ಸತತ ಮೂರು ಬಾರಿ ಈಸ್ಟ್ ಬೆಂಗಾಲ್ ಪಾಲಾಯಿತು. ಡುರಾಂಡ್ ಕಪ್ 1951 ಮತ್ತು 1952ರಲ್ಲಿ ಒಲಿಯಿತು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಲಕ್ಷಾಂತರ ಜನರಿಗೆ ಈಸ್ಟ್ ಬೆಂಗಾಲ್ ಕೇವಲ ಕ್ಲಬ್ಬಾಗಿರಲಿಲ್ಲ, ಕಳೆದುಕೊಂಡ ನೆಲದ ಹೆಸರಾಗಿತ್ತು. ಆ ಜನರ ಹೆಮ್ಮೆಯನ್ನು ಮೈದಾನದಲ್ಲಿ ಎತ್ತಿಹಿಡಿದವರು ದೂರದ ದಕ್ಷಿಣದಿಂದ ಬಂದ ಈ ಐವರು. ಉಳಿದವರು ಒಬ್ಬೊಬ್ಬರಾಗಿ ಕ್ಲಬ್ಬು ತೊರೆದ ಮೇಲೂ ಅಹ್ಮದ್ ಖಾನ್ 1959ರವರೆಗೆ ಅಲ್ಲಿಯೇ ಮುಂದುವರಿದರು.

1950ರ ವಿಶ್ವಕಪ್ ಮತ್ತು 1951ರ ಏಷ್ಯನ್ ಕ್ರೀಡಾಕೂಟ

1950ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್‌ಗೆ ಭಾರತ ಅರ್ಹತೆ ಪಡೆದಿದ್ದರೂ ಕೊನೆಯಲ್ಲಿ ಹಿಂದೆ ಸರಿಯಿತು. ಬರಿಗಾಲಿನಲ್ಲಿ ಆಡಲು ಅನುಮತಿ ಸಿಗದ ಕಾರಣ ಹೀಗಾಯಿತೆಂಬ ಕಥೆ ಜನಪ್ರಿಯವಾಗಿದೆ. ಆದರೆ ಫುಟ್‌ಬಾಲ್ ಆಡಳಿತಗಾರರು ವಿಶ್ವಕಪ್‌ಗಿಂತ ಒಲಿಂಪಿಕ್ಸ್‌ಗೆ ಹೆಚ್ಚು ಮಹತ್ವ ನೀಡಿದ್ದು ಮುಖ್ಯ ಕಾರಣವೆಂದು ಕ್ರೀಡಾ ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಹೀಗೆ ಅಹ್ಮದ್ ಖಾನರ ಪೀಳಿಗೆಗೆ ವಿಶ್ವಕಪ್ ಕೈತಪ್ಪಿತು.

ಮರುವರ್ಷ ನವದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಇಂಡೋನೇಷ್ಯಾ ಮತ್ತು ಅಫ್ಘಾನಿಸ್ತಾನ ತಂಡಗಳನ್ನು ತಲಾ 3–0ರಿಂದ ಸೋಲಿಸಿತು. ಫೈನಲ್‌ನಲ್ಲಿ ಸಾಹು ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನ್ ತಂಡವನ್ನು ಮಣಿಸಿ ಚಿನ್ನದ ಪದಕ ಪಡೆಯಿತು.

1952ರ ಹೆಲ್ಸಿಂಕಿ ಒಲಿಂಪಿಕ್ಸ್

1952ರ ಜುಲೈ 15ರಂದು ಹೆಲ್ಸಿಂಕಿಯಲ್ಲಿ ನಡೆದ ಪ್ರಾಥಮಿಕ ಸುತ್ತಿನ ಪಂದ್ಯದಲ್ಲಿ ಭಾರತದ ಎದುರಾಳಿ ಯುಗೊಸ್ಲಾವಿಯಾ. ಇಂದಿನ ಸ್ಲೊವೇನಿಯಾ, ಕ್ರೊಯೇಷಿಯಾ, ಸರ್ಬಿಯಾ ಮುಂತಾದ ದೇಶಗಳನ್ನು ಒಳಗೊಂಡಿದ್ದ ಆ ರಾಷ್ಟ್ರವು ಹಿಂದಿನ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದಿತ್ತು. ಚಳಿಯ ವಾತಾವರಣದಲ್ಲಿ ಭಾರತದ ಬಹುತೇಕ ಆಟಗಾರರು ಮತ್ತೆ ಬರಿಗಾಲಿನಲ್ಲಿ ಆಡಿದರು. ಮಧ್ಯಂತರದ ವೇಳೆಗೆ ಯುಗೊಸ್ಲಾವಿಯಾ 5–0 ಮುಂದಿತ್ತು. ಬ್ರಾಂಕೊ ಜೆಬೆಕ್ ನಾಲ್ಕು ಗೋಲು ಹೊಡೆದರೆ, ಮಿಟಿಚ್, ವುಕಾಸ್ ಮತ್ತು ಓಗ್ನ್ಯಾನೊವ್ ತಲಾ ಎರಡು ಗೋಲು ಗಳಿಸಿದರು.

ಹತ್ತು ಗೋಲುಗಳು ಬಿದ್ದ ಮೇಲೆ, 89ನೇ ನಿಮಿಷದಲ್ಲಿ ಅಹ್ಮದ್ ಖಾನ್ ಭಾರತದ ಏಕೈಕ ಗೋಲನ್ನು ಹೊಡೆದರು. ಫಲಿತಾಂಶ 10–1. ಪಂದ್ಯದ ಗತಿಯನ್ನು ಆ ಗೋಲು ಬದಲಿಸಲಿಲ್ಲವಾದರೂ, ಭಾರತವು ಆ ಕ್ರೀಡಾಕೂಟದ ಫುಟ್‌ಬಾಲ್ ದಾಖಲೆಯಲ್ಲಿ ಉಳಿಸಿದ ಒಂದೇ ಗೋಲು ಅದಾಗಿದೆ. ಯುಗೊಸ್ಲಾವಿಯಾ ಮುಂದೆ ಫೈನಲ್ ತಲುಪಿ ಹಂಗೇರಿಗೆ ಸೋತು ಮತ್ತೆ ಬೆಳ್ಳಿ ಪಡೆಯಿತು.

ಬೂಟಿನ ಕಾಲ

ಹೆಲ್ಸಿಂಕಿಯ ಸೋಲಿನ ನಂತರ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆಟಗಾರರು ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು. 1911ರಲ್ಲಿ ಬರಿಗಾಲಿನ ಮೋಹನ್ ಬಾಗಾನ್ ಆಟಗಾರರು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಂದಿನಿಂದ ರಾಷ್ಟ್ರಾಭಿಮಾನದ ಗುರುತಾಗಿದ್ದ ಪದ್ಧತಿಯೊಂದು ಹೀಗೆ ಮುಕ್ತಾಯಗೊಂಡಿತು. ಬರಿಗಾಲಿನ ಸ್ಪರ್ಶವನ್ನೇ ನೆಚ್ಚಿ ಬೆಳೆದ ಆಟಗಾರರಿಗೆ ಈ ಬದಲಾವಣೆ ಸುಲಭದ್ದಾಗಿರಲಿಲ್ಲ. ಆಗ ಇಪ್ಪತ್ತೈದರ ಪ್ರಾಯದಲ್ಲಿದ್ದ ಅಹ್ಮದ್ ಖಾನ್ ಇನ್ನೂ ಏಳು ವರ್ಷ ಉನ್ನತ ಮಟ್ಟದಲ್ಲಿ ಆಡಿದರು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬೂಟು ಧರಿಸಿದ ಭಾರತ ತಂಡವು ಸೆಮಿಫೈನಲ್ ತಲುಪಿ ಅದೇ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ಹೊಡೆಯಿತು. ಕೊನೆಗೆ 4–1ರಿಂದ ಸೋತರೂ ನಾಲ್ಕನೇ ಸ್ಥಾನ ಪಡೆಯಿತು. ನಾಲ್ಕು ವರ್ಷಗಳಲ್ಲಿ ಆದ ಬದಲಾವಣೆಯನ್ನು ಅಳೆಯಲು ಈ ಎರಡು ಪಂದ್ಯಗಳ ಹೋಲಿಕೆ ಸಾಕು. ಎರಡೂ ಬಾರಿ ತಂಡದ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರೇ ಆಗಿದ್ದರು.

ನಿಧನ ಮತ್ತು ಸ್ಮರಣೆ

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ನಿಧನರಾದರು. ಅರ್ಜುನ ಪ್ರಶಸ್ತಿ ಆರಂಭವಾದುದು 1961ರಲ್ಲಿ, ಅವರು ಈಸ್ಟ್ ಬೆಂಗಾಲ್ ತೊರೆದ ಎರಡು ವರ್ಷಗಳ ಬಳಿಕ. ಅವರ ಆಟದ ಬಹುಪಾಲು ನಡೆದದ್ದು ಕೋಲ್ಕತ್ತದ ಮೈದಾನಗಳಲ್ಲಿ. ಹೀಗಾಗಿ ಅವರ ಹೆಸರು ಇಂದಿಗೂ ಹೆಚ್ಚು ಪರಿಚಿತವಾಗಿರುವುದು ಬಂಗಾಳದಲ್ಲಿ. 2013ರಲ್ಲಿ ಬೆಂಗಳೂರು ಎಫ್‌ಸಿ ಸ್ಥಾಪನೆ ಮತ್ತು 54 ವರ್ಷಗಳ ಬಳಿಕ 2023ರಲ್ಲಿ ಕರ್ನಾಟಕ ಗೆದ್ದ ಸಂತೋಷ್ ಟ್ರೋಫಿಯಿಂದ ರಾಜ್ಯದ ಫುಟ್‌ಬಾಲ್‌ಗೆ ಹೊಸ ಗಮನ ದೊರೆತಿದೆ. ಆ ಪರಂಪರೆಯ ಮೊದಲ ಪುಟಗಳಲ್ಲಿ ವರದರಾಜ್, ರಾಮನ್ ಅವರೊಂದಿಗೆ ಅಹ್ಮದ್ ಖಾನರ ಹೆಸರೂ ಸೇರಿದೆ.

ಪ್ರಮುಖ ಸಾಧನೆಗಳು

ಭಾರತ
- ಏಷ್ಯನ್ ಕ್ರೀಡಾಕೂಟ, ಚಿನ್ನದ ಪದಕ: 1951
- ಒಲಿಂಪಿಕ್ ಕ್ರೀಡಾಕೂಟದಲ್ಲಿ ಪ್ರಾತಿನಿಧ್ಯ: 1948, 1952

ಈಸ್ಟ್ ಬೆಂಗಾಲ್
- ಕಲ್ಕತ್ತಾ ಲೀಗ್: 1949, 1950, 1952
- ಐಎಫ್‌ಎ ಶೀಲ್ಡ್: 1949, 1950, 1951
- ರೋವರ್ಸ್ ಕಪ್: 1949
- ಡುರಾಂಡ್ ಕಪ್: 1951, 1952